ಸೊಲ್ಲೆಂಟುನಾದ ಮಹಿಷಾಸುರ

ಹೊನ್ನಪ್ಪನಿಗೆ ಮಹಿಷಾಸುರನ ಪಾತ್ರ ಸಿಕ್ಕಿದ್ದು ಮೀಸೆಯ ದೆಸೆಯಿಂದ. ಕನ್ನಡ ಕೂಟದ ಮಿಕ್ಕ ಗಂಡಸರೆಲ್ಲ ಸ್ವೀಡನ್ನಿಗೆ ಬಂದ ಮೊದಲ ವರ್ಷವೇ ಮೀಸೆ ಬೋಳಿಸಿಕೊಂಡಿದ್ದರು. ಕೂಟದ ಬಳಿ ಇದ್ದ ಒಂದೇ ಒಂದು ಅಂಟುಮೀಸೆ ಹೋದ ವರ್ಷದ ದಸರೆಯಲ್ಲಿ ಸಾಂಬಾರಿಗೆ ಬಿದ್ದು, ಯಾರ ತಟ್ಟೆಗೆ ಹೋಯಿತೆಂಬುದು ತಿಳಿಯಲಿಲ್ಲ.

ಹನ್ನೊಂದು ವರ್ಷಗಳಿಂದ ಕೂಟದಲ್ಲಿ ಅವನ ಕೆಲಸ ಕುರ್ಚಿ ಜೋಡಿಸುವುದು ಮತ್ತು ಪರದೆ ಎಳೆಯುವುದು. ಕಿಸ್ತಾ ಎಂಬ ಬಡಾವಣೆಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಮೀಟಿಂಗಿನಲ್ಲಿ ಅವನು ಬಾಯಿ ತೆರೆದ ಕ್ಷಣಕ್ಕೇ ಇನ್ನೊಬ್ಬರೂ ಬಾಯಿ ತೆರೆಯುತ್ತಿದ್ದರು. ಹೊನ್ನಪ್ಪ ನಕ್ಕು, ಕೈ ತೋರಿಸಿ, ಅವರಿಗೇ ಬಿಟ್ಟುಕೊಡುತ್ತಿದ್ದ. ಅವನು ಮಾತಾಡಲು ಶುರುಮಾಡಿದಾಗ ನಿಶ್ಶಬ್ದವಾಗುವ ಕೋಣೆಯನ್ನು ಭೂಮಿಯ ಮೇಲೆ ಇನ್ನೂ ಯಾರೂ ಕಟ್ಟಿರಲಿಲ್ಲ.

ದೇವಿಯ ಪಾತ್ರ ಅವನ ಹೆಂಡತಿ ಪ್ರಫುಲ್ಲಾಳದು. ಈ ಆಯ್ಕೆಗೆ ಯಾರೂ ಕಾರಣ ಕೇಳಲಿಲ್ಲ. ದೇವಿಯ ಸಿಂಹ ಅವರ ಮಗಳು ಕೃತಿ. ಹನ್ನೊಂದು ವರ್ಷದ ಈ ಸಿಂಹ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಿತ್ತು.

ನಾಟಕ ಬರೆದು ನಿರ್ದೇಶಿಸುತ್ತಿದ್ದವರು ಮಾಲತಿ ಮೇಡಂ. ಫ್ಲೆಮಿಂಗ್ಸ್‌ಬೆರ್ಯ್‌ನ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಮನುಷ್ಯನ ಧ್ವನಿಪೆಟ್ಟಿಗೆಯ ಮೇಲೆ ಸಂಶೋಧನೆ ಮಾಡುವವರು. ಹಾಗಾಗಿ ದನಿಯ ವಿಷಯದಲ್ಲಿ ಅವರ ಮುಂದೆ ನೆಪ ನಡೆಯುತ್ತಿರಲಿಲ್ಲ.

ಮೊದಲ ತಾಲೀಮಿನಲ್ಲಿ ಹೊನ್ನಪ್ಪ ಗರ್ಜಿಸಿದ. ಮಾಲತಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ಹೊನ್ನಪ್ಪ, ಮಹಿಷಾಸುರ ಬಂದ ಅಂದ್ರೆ ಮೂರು ಲೋಕ ಸೈಲೆಂಟ್ ಆಗ್ಬೇಕು. ನೀವೀಗ ಮಾಡಿದ್ದು ಬಸ್ಸಲ್ಲಿ 'ಸ್ವಲ್ಪ ಸರೀತೀರಾ' ಅಂತ ಕೇಳ್ದಂಗಿತ್ತು."

"ಗಂಟಲು ಸ್ವಲ್ಪ ಕಟ್ಟಿದೆ ಮೇಡಂ."

"ಗಂಟಲಿಂದ ಯಾಕ್ರೀ ಬರುತ್ತೆ? ಹೊಕ್ಕಳಿಂದ ಬರ್ಬೇಕು. ಕೋಣ ಅಲ್ವಾ ನೀವು? ಹೂಂಕರಿಸಿ."

ಹೊನ್ನಪ್ಪ ಹೂಂಕರಿಸಿದ. ಹಾಲಿನ ಮೂಲೆಯಲ್ಲಿ ಯಾರೋ "ಬ್ಲೆಸ್ ಯೂ" ಅಂದರು.

ಮಾಲತಿ ಮೇಡಂ ಒಂದು ನಿರ್ಧಾರಕ್ಕೆ ಬಂದರು. ಮಾಲ್ಮೋದಲ್ಲಿ ಅಭಿಜಿತ್ ಎಂಬ ಹುಡುಗನಿದ್ದಾನೆ, ಮದುವೆ ಮನೆಗಳಲ್ಲಿ ಮೈಕಿಲ್ಲದೆ ಹಾಡಿದವನು. ಅವನೂ ಪಾತ್ರ ಕಲಿತು, ಇನ್ನೊಂದು ಜೊತೆ ಕೊಂಬು ತೊಟ್ಟು, ರಂಗದ ಎಡಗಡೆ ಪರದೆಯ ಹಿಂದೆ ನಿಂತಿರುತ್ತಾನೆ. ಬಲಗಡೆಯಿಂದ ಬರುವ ಹೊನ್ನಪ್ಪನ ಮೊದಲ ಗರ್ಜನೆಗೆ ಸಭೆ ಸುಮ್ಮನಾದರೆ ಸರಿ. ಆಗದಿದ್ದರೆ ಮೇಡಂ ಕೈಸನ್ನೆ ಮಾಡುತ್ತಾರೆ, ಅಭಿಜಿತ್ ನುಗ್ಗುತ್ತಾನೆ.

"ಇಬ್ಬಿಬ್ರು ಮಹಿಷಾಸುರರಾ ಮೇಡಂ?" ಹೊನ್ನಪ್ಪನ ದನಿ ಇನ್ನೂ ಸಣ್ಣಗಾಯಿತು.

"ಪುರಾಣದಲ್ಲೇ ಅವನು ರೂಪ ಬದಲಾಯಿಸ್ತಾನೆ. ಯಾರೂ ಕೇಳಲ್ಲ."

ಅಂದಿನಿಂದ ಹೊನ್ನಪ್ಪನಿಗೆ ಬೇರೆ ಯೋಚನೆ ಇರಲಿಲ್ಲ. ಒಂದೇ ಒಂದು ಸಲ, ಹೆಂಡತಿ ಮಗಳ ಎದುರಿಗೆ, ಒಂದು ಹಾಲು ತುಂಬ ಜನ ತನ್ನಿಂದಾಗಿ ಸುಮ್ಮನಾಗಬೇಕು.

ಅವನು ಬಾಲ್ಕನಿಯಲ್ಲಿ ಅಭ್ಯಾಸ ಶುರುಮಾಡಿದ. ಥರ್ಮಾಕೋಲಿನ ಕೊಂಬು ಸದ್ದು ಮಾಡುವುದಿಲ್ಲವಾದ್ದರಿಂದ, ಅಮರಾವತಿಯ ಬಾಗಿಲಿಗೆ ಕೊಂಬು ಗುದ್ದುವ ಸದ್ದಿಗೆ ಕೋಲಾಟದ ಕೋಲುಗಳನ್ನು ತಂದುಕೊಂಡ. ಎರಡು ಸಲ ಕಟಕಟ, ಒಂದು ತಿಕ್ಕು, ಆಮೇಲೆ ಹೊಕ್ಕಳಿನಿಂದ "ಉಂಘ್... ಉಂಘ್". ಮೂರನೆಯ ದಿನ ಬಟ್ಟೆ ಒಗೆಯುವ ಸಾಮೂಹಿಕ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಸ್ವೀಡನ್ನಿನಲ್ಲಿ ನೆರೆಯವರು ಮುಖ ಕೊಟ್ಟು ಜಗಳವಾಡುವುದಿಲ್ಲ, ಚೀಟಿ ಅಂಟಿಸುತ್ತಾರೆ. ಇದರಲ್ಲಿ ಹೀಗಿತ್ತು: 'ಕಟ್ಟಡದ ಬಿ ಮೆಟ್ಟಿಲಿನ ಕಡೆಯ ಮನೆಯೊಂದರಲ್ಲಿ ದೊಡ್ಡ ಪ್ರಾಣಿಯನ್ನು ಇಟ್ಟುಕೊಂಡಿರುವುದು ಗಮನಕ್ಕೆ ಬಂದಿದೆ. ಅದಕ್ಕೆ ಹುಷಾರಿಲ್ಲದಂತೆ ಕೇಳಿಸುತ್ತದೆ. ದಯವಿಟ್ಟು ವೈದ್ಯರಿಗೆ ತೋರಿಸಿ. ಆಡಳಿತ ಮಂಡಳಿ.'

ಪ್ರಫುಲ್ಲಾ ಓದಿ ತಲೆಯಾಡಿಸಿದಳು. "ಹನ್ನೊಂದು ವರ್ಷ ಪಕ್ಕದಲ್ಲೇ ಇದ್ದಿದ್ದಕ್ಕೆ ಈಗ ಸರಿಯಾಗಿ ಗುರುತು ಹಿಡಿದಿದಾರೆ."

"ಸ್ಲೂತಾ, ಪಪ್ಪಾ," ಅಂದಳು ಕೃತಿ. ನಿಲ್ಲಿಸು ಎಂದರ್ಥ. ಅವಳ ಗೆಳತಿಯರೂ ಬಿ ಮೆಟ್ಟಿಲಿನವರೇ.

ಹೊನ್ನಪ್ಪ ಕೋಲು ಹಿಡಿದು ಕಾಡಿಗೆ ಹೋದ. ಸೊಲ್ಲೆಂಟುನಾದಲ್ಲಿ ಕಾಡು ಮನೆಯ ಹಿಂದೆಯೇ ಶುರುವಾಗುತ್ತದೆ. ಸೆಪ್ಟೆಂಬರ್ ಮುಗಿಯುತ್ತಾ ಬಂದಿತ್ತು, ಆರು ಗಂಟೆಯ ಬೆಳಕು ಸ್ಪ್ರೂಸ್ ಮರಗಳ ನಡುವೆ ಅರಿಶಿನ ಕಲಸಿದ ಹಾಗಿತ್ತು. ಜನ ಇಲ್ಲದ ಜಾಗದಲ್ಲಿ ಹೊನ್ನಪ್ಪನಿಗೆ ಧೈರ್ಯ ಬಂತು. ಕೋಲು ಕುಟ್ಟಿದ. ಮರದ ತೊಗಟೆಗೆ ತಿಕ್ಕಿದ. ಕಣ್ಣು ಮುಚ್ಚಿ, ಮಾಲತಿ ಮೇಡಂ ಅವರನ್ನು ನೆನೆದು, ಹೊಕ್ಕಳಿನಿಂದ ಹೂಂಕರಿಸಿದ.

ಹತ್ತು ನಿಮಿಷ ಕಳೆದಿರಬೇಕು. ಎದುರಿನ ಪೊದೆ ಅಲುಗಿತು. ಬ್ಲೂಬೆರಿ ಗಿಡಗಳನ್ನು ಸರಿಸಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತಾ, ಹಸಿರು ಟೋಪಿಯ ಒಂದು ತಲೆ ಹೊರಬಂತು. ಅದು ಅವನ ಕಟ್ಟಡದ ಆಡಳಿತ ಮಂಡಳಿಯ ಅಧ್ಯಕ್ಷ, ನಿವೃತ್ತ ಗಣಿತದ ಮೇಷ್ಟ್ರು ಯೋರಾನ್.

ಹೀಗೆ ಹೊನ್ನಪ್ಪನ ಕರೆಗೆ ಮೊದಲು ಓಗೊಟ್ಟು ಬಂದ ಪ್ರಾಣಿ ಹೌಸಿಂಗ್ ಸೊಸೈಟಿಯ ಅಧ್ಯಕ್ಷ ಎಂಬುದನ್ನು ಓದುಗರು ಗಮನಿಸಬೇಕು.

"ಕ್ಷಮಿಸಿ, ಕ್ಷಮಿಸಿ, ಇನ್ಮೇಲೆ ಮಾಡಲ್ಲ," ಎಂದು ಹೊನ್ನಪ್ಪ ಗೊತ್ತಿದ್ದ ಸ್ವೀಡಿಷನ್ನೆಲ್ಲ ಖರ್ಚು ಮಾಡಿದ.

ಯೋರಾನ್ ಎದ್ದು ನಿಂತ. ಮೊಣಕೈಗೆ ಪಾಚಿ ಮೆತ್ತಿತ್ತು. ಕಣ್ಣು ಒದ್ದೆಯಾಗಿತ್ತು. "ನೀನಾ?" ಅಂದ. ಈ ದೇಶದಲ್ಲಿ ರಾಜನೊಬ್ಬನನ್ನು ಬಿಟ್ಟರೆ ಎಲ್ಲರಿಗೂ ಏಕವಚನವೇ. "ನೀನಾ ಅದು? ಎರಡು ಗಂಡು ಮೂಸ್ ಕಾದಾಡುತ್ತಿವೆ ಅಂದುಕೊಂಡು ಇನ್ನೂರು ಮೀಟರ್ ತೆವಳಿ ಬಂದೆ."

ಮೂಸ್ ಎಂದರೆ ಕಡವೆಯ ದೊಡ್ಡಪ್ಪ ಎನ್ನಬಹುದಾದ ಪ್ರಾಣಿ. ಕುದುರೆಗಿಂತ ಎತ್ತರ, ಅಗಲವಾದ ಕೊಂಬು. ಶರತ್ಕಾಲ ಅದರ ಬೆದೆಗಾಲ. ಆಗ ಗಂಡುಗಳು ಕೊಂಬಿಗೆ ಕೊಂಬು ತಾಗಿಸುತ್ತವೆ, ಪೊದೆಗೆ ತಿಕ್ಕುತ್ತವೆ, ಹೂಂಕರಿಸುತ್ತವೆ. ಆ ಸದ್ದನ್ನು ಅನುಕರಿಸಿದರೆ ಯಾವನೋ ಎದುರಾಳಿ ಬಂದನೆಂದು ಗಂಡು ಮೂಸ್ ಹುಡುಕಿಕೊಂಡು ಬರುತ್ತದೆ. ಬೇಟೆಗಾರರು ಜೀವಮಾನವಿಡೀ ಕಲಿಯುವ ವಿದ್ಯೆ ಇದು. ಯೋರಾನ್ ಹದಿನೇಳು ವರ್ಷಗಳಿಂದ ಮೂಸಿನ ಒಣಗಿದ ಹೆಗಲೆಲುಬನ್ನು ಮರಕ್ಕೆ ತಿಕ್ಕುತ್ತಾ, ಬರ್ಚ್ ಮರದ ತೊಗಟೆಯ ಆಲಿಕೆಯಲ್ಲಿ ಕೂಗುತ್ತಾ ಬಂದಿದ್ದ. ಒಂದು ಮೂಸೂ ಅವನ ಮಾತು ನಂಬಿರಲಿಲ್ಲ.

"ಯಾರು ಕಲಿಸಿದರು ನಿನಗೆ?" ಎಂದು ಅವನು ಮೆಲ್ಲಗೆ ಕೇಳಿದ.

ನಾಟಕ, ದಸರೆ, ಕೋಲಾಟ ಎಂದು ಹೇಳಿಬಿಡಬಹುದಿತ್ತು. ಆದರೆ ಈ ದೇಶದಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಅವನ ಬಾಯಿ ಅವನನ್ನು ಕೇಳದೆ ಉತ್ತರ ಕೊಟ್ಟಿತು.

"ನಮ್ಮ ಅಜ್ಜ."

"ಬೇಟೆಗಾರರೇ?"

"ದೊಡ್ಡ ಬೇಟೆಗಾರರು."

ಹೊನ್ನಪ್ಪನ ಅಜ್ಜ ಚನ್ನಪಟ್ಟಣದ ಅಂಚೆ ಕಚೇರಿಯಲ್ಲಿ ಮೂವತ್ತೆಂಟು ವರ್ಷ ಲಕೋಟೆಗಳಿಗೆ ಠಸ್ಸೆ ಹೊಡೆದವರು. ಬೇರೆ ಏನನ್ನೂ ಹೊಡೆದವರಲ್ಲ. ಮನೆಗೆ ಬಂದ ಹಲ್ಲಿಗೂ ದಾರಿ ಬಿಡುತ್ತಿದ್ದರು.

ಸುದ್ದಿ ಹಬ್ಬಿತು. ಮರುದಿನ ಹಳೆಯ ಚೀಟಿ ಹೋಗಿ ಹೊಸದು ಬಂದಿತ್ತು: 'ಬಿ ಮೆಟ್ಟಿಲಿನ ಸದ್ದು ಅಪರೂಪದ ಪಾರಂಪರಿಕ ವಿದ್ಯೆ. ಕಿಟಕಿ ತೆರೆದಿಟ್ಟು ಕೇಳಬಹುದು. ಆಡಳಿತ ಮಂಡಳಿ.' ಮೂರನೆಯ ಮಹಡಿಯ ಅಜ್ಜಿ ಆಪಲ್ ಕೇಕ್ ತಂದುಕೊಟ್ಟು, ಬಾಗಿಲಲ್ಲೇ ನಿಂತು, ಒಂದು ಸಲ ಹೂಂಕರಿಸಿ ತೋರಿಸುವಂತೆ ಕೇಳಿದರು. ನಾಲ್ಕನೆಯ ಮಹಡಿಯವರು ತಮ್ಮ ಭಾನುವಾರದ ಬಟ್ಟೆ ಒಗೆಯುವ ಸರದಿಯನ್ನೇ ಬಿಟ್ಟುಕೊಟ್ಟರು. ಈ ದೇಶದಲ್ಲಿ ಜನ ಬೇಕಾದರೆ ಮೂತ್ರಪಿಂಡ ದಾನ ಮಾಡುತ್ತಾರೆ, ಭಾನುವಾರದ ಸರದಿ ಕೊಡುವುದಿಲ್ಲ.

ಕೊಮ್ಮೂನ್ ಕಚೇರಿಯಿಂದ, ಅಂದರೆ ಊರಿನ ಪೌರಾಡಳಿತದಿಂದ, ಒಬ್ಬ ಅಧಿಕಾರಿಣಿ ಫೋನ್ ಮಾಡಿದರು. ಹೊನ್ನಪ್ಪನ ವಿಳಾಸದ ಸುತ್ತಮುತ್ತ ಬೆದೆಯಲ್ಲಿರುವ ಗಂಡು ಮೂಸ್ ಓಡಾಡುತ್ತಿದೆಯೆಂದು ಮೂರು ದೂರು ಬಂದಿದ್ದವು. ಅದು ತಾನೇ ಎಂದು ಹೊನ್ನಪ್ಪ ಒಪ್ಪಿಕೊಂಡ. ಅಧಿಕಾರಿಣಿ ಅದನ್ನು ಬರೆದುಕೊಂಡು, ಆದರೂ ದೂರು ದಾಖಲಾಗಿರುವುದರಿಂದ ಫಾರಂ ತುಂಬಲೇಬೇಕೆಂದು ಕಳಿಸಿಕೊಟ್ಟರು.

"ಪ್ರಾಣಿಗಳ ಸಂಖ್ಯೆ ಕೇಳಿದಾರೆ ಕಣೇ. ಯಾವ ದಿಕ್ಕಿಗೆ ಹೋಯ್ತು ಅಂತಾನೂ ಇದೆ."

"ಒಂದು ಅಂತ ಬರೀರಿ," ಅಂದಳು ಪ್ರಫುಲ್ಲಾ. "ದಿಕ್ಕು, ಅಡುಗೆ ಮನೆ ಕಡೆ."

ಆ ಗುರುವಾರ ಯೋರಾನ್ ಮನೆಗೇ ಬಂದ. ಶೂ ಬಿಚ್ಚಿ, ಸಾಕ್ಸಿನಲ್ಲಿ ನಿಂತು, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅಕ್ಟೋಬರಿನ ಎರಡನೆಯ ಸೋಮವಾರ ಮೂಸ್ ಬೇಟೆ ಶುರು. ಅವನ ತಂಡದ ಕಾಡು ಉತ್ತರಕ್ಕೆ ಒಂದು ಗಂಟೆಯ ದಾರಿ. ಹೊನ್ನಪ್ಪ ಬಂದು ಕರೆಯುತ್ತಾನೆಯೇ? "ನನಗೆ ಎಪ್ಪತ್ತೊಂದು," ಅಂದ. "ಕರೆಗೆ ಬಂದ ಮೂಸನ್ನು ಒಂದು ಸಲ ನೋಡಬೇಕು."

ಬೊಂಬೆ ಕೂರಿಸಲು ಮೆಟ್ಟಿಲು ಜೋಡಿಸುತ್ತಿದ್ದ ಪ್ರಫುಲ್ಲಾ ಅವನು ಹೋಗುವವರೆಗೂ ನಗುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ನಗು ನಿಂತಿತು.

"ರೀ. ಅವತ್ತು ನವರಾತ್ರಿ ಎರಡನೇ ದಿನ."

"ಗೊತ್ತು ಕಣೇ. ಸುಮ್ನೆ ಕೂತು ಎರಡು ಸಲ ಉಂಘ್ ಅಂದು ಬರ್ತೀನಿ."

"ಬಂದ್ರೆ?"

"ಬರಲ್ಲ. ಮೊದಲನೇ ಸಲಕ್ಕೆ ಯಾವುದೂ ಕೆಲಸ ಮಾಡಲ್ಲ. ಹದಿನೆಂಟು ವರ್ಷ ಟೆಸ್ಟಿಂಗ್ ಮಾಡಿದೀನಿ, ನಂಗೊತ್ತಿಲ್ವಾ?"

"ಅಕಸ್ಮಾತ್ ಬಂತು ಅಂದ್ರೆ?"

"ಬಂದ್ರೆ ಯೋರಾನ್ ನೋಡ್ಕೋತಾರೆ."

"ಅದೇ ನಾನೂ ಹೇಳ್ತಿರೋದು. ಕೈಯಲ್ಲಿ ಕೋವಿ ಇಟ್ಕೊಂಡು ನೋಡ್ಕೋತಾರೆ."

ಹೊನ್ನಪ್ಪ ಬೊಂಬೆಯ ಮೆಟ್ಟಿಲೊಂದನ್ನು ಎತ್ತಿಕೊಟ್ಟ. ಬೇಡವೆಂದರೆ ಅಜ್ಜನ ವಿಷಯ ಹೊರಬರುತ್ತದೆ, ಕೇಕ್ ತಿಂದಾಗಿದೆ, ಭಾನುವಾರದ ಸರದಿಯಲ್ಲಿ ಎರಡು ವಾರದ ಬಟ್ಟೆ ಒಗೆದಾಗಿದೆ. ಅಲ್ಲದೆ ಕಾಡಿನಲ್ಲೊಂದು ಅಭ್ಯಾಸವಾದರೆ ಶನಿವಾರದ ನಾಟಕದ ಗರ್ಜನೆಗೂ ಒಳ್ಳೆಯದು. ತಂಗಿಯ ಮದುವೆಗೆ ರಜೆ ಕೇಳಿದಾಗ ಮೂರು ಪ್ರಶ್ನೆ ಹಾಕಿದ್ದ ಮ್ಯಾನೇಜರು, ಮೂಸ್ ಬೇಟೆ ಎಂದೊಡನೆ ಎದ್ದು ನಿಂತು ಕೈಕುಲುಕಿದ.

ಸೋಮವಾರ ಬೆಳಗಿನ ಏಳು ಗಂಟೆಗೆ ಹೊನ್ನಪ್ಪ ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಒಂದು ಜೌಗಿನ ಅಂಚಿನಲ್ಲಿ, ಮಣೆಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಯೋರಾನ್. ತೊಡೆಯ ಮೇಲೆ ಕೋವಿ. ಇಬ್ಬರ ನಡುವೆ ಕಾಫಿಯ ಫ್ಲಾಸ್ಕು ಮತ್ತು ಪ್ರಫುಲ್ಲಾ ಮಾತಾಡದೆ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ. ತಂಡದ ಮಿಕ್ಕ ಐವರು ಕಾಡಿನ ಬೇರೆ ಬೇರೆ ಮೂಲೆಗಳಲ್ಲಿದ್ದರು. ಯೋರಾನನ ಎದೆಯ ಮೇಲಿನ ವೈರ್‌ಲೆಸ್ಸು ಆಗೊಮ್ಮೆ ಈಗೊಮ್ಮೆ ಕೆಮ್ಮುತ್ತಿತ್ತು.

ಜೌಗಿನ ಮೇಲೆ ಮಂಜು ಹಾಲಿನಂತೆ ನಿಂತಿತ್ತು. ಯೋರಾನ್ ತಲೆಯಾಡಿಸಿದ.

ಹೊನ್ನಪ್ಪ ಕೋಲು ಕುಟ್ಟಿದ. ತಿಕ್ಕಿದ. ಹೂಂಕರಿಸಿದ. ಕಾದ. ಮತ್ತೆ ಕುಟ್ಟಿದ. ಎಂಟು ಗಂಟೆಯಾಯಿತು. ಬೆರಳು ಮರಗಟ್ಟಿತು. ಬರುವುದಿಲ್ಲ ಎಂಬ ಅವನ ವೃತ್ತಿಪರ ನಂಬಿಕೆ ಗಟ್ಟಿಯಾಗಿ, ಚಿತ್ರಾನ್ನದ ಕಡೆ ಕಣ್ಣು ಹೋಗುವ ಹೊತ್ತಿಗೆ ಎದುರಿನ ಎರಡು ಮರಗಳ ನಡುವೆ ಜಾಗ ಇರಲಿಲ್ಲ.

ಕ್ಷಣದ ಹಿಂದೆ ಇತ್ತು. ಈಗ ಆ ಜಾಗದಲ್ಲಿ ಅದು ನಿಂತಿತ್ತು.

ಒಂದು ಕಡ್ಡಿ ಮುರಿದ ಸದ್ದೂ ಆಗಿರಲಿಲ್ಲ. ಅಷ್ಟು ದೊಡ್ಡ ದೇಹ ಅಷ್ಟು ಮೆಲ್ಲಗೆ ಬರಲು ಸಾಧ್ಯವೆಂದು ಹೊನ್ನಪ್ಪನಿಗೆ ಯಾರೂ ಹೇಳಿರಲಿಲ್ಲ. ಅದು ಬಂತು. ತಲೆಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ನಿಧಾನವಾಗಿ ತೂಗುತ್ತಾ, ಕೊಂಬು ಎಷ್ಟಗಲವಿದೆಯೆಂದು ಕಾಡಿಗೆಲ್ಲ ತೋರಿಸುತ್ತಾ ಬಂತು. ಕೊಂಬಿಗೆ ಕಿತ್ತ ಬೇರು, ಹುಲ್ಲು, ಪಾಚಿ ಸಿಕ್ಕಿ ತೋರಣದಂತೆ ಇಳಿಬಿದ್ದಿತ್ತು. ಮೂಗಿನಿಂದ ಹೊರಟ ಉಸಿರು ಮಂಜಿನಲ್ಲಿ ಎರಡು ದಾರಿ ಮಾಡಿತು. ಒದ್ದೆ ಮಣ್ಣಿನ, ಹಳೆಯ ತುಪ್ಪದ, ಹೆಸರಿಲ್ಲದ ಇನ್ನೊಂದರ ವಾಸನೆ ಬಂತು. ಇಪ್ಪತ್ತು ಹೆಜ್ಜೆಯ ದೂರದಲ್ಲಿ ನಿಂತು, ಅದು ನೋಡಿತು.

ತನ್ನನ್ನು ಕರೆದವನು ಎಲ್ಲಿ ಎಂದು ನೋಡಿತು. ಅದು ನೂರಾರು ಎಕರೆ ಕಾಡು ದಾಟಿ ಬಂದದ್ದು ಹೊನ್ನಪ್ಪನಿಗಾಗಿ. ಜೀವಮಾನದಲ್ಲಿ ಮೊದಲ ಸಲ ಯಾರೋ ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ನಂಬಿ, ಉತ್ತರ ಕೊಡಲು ಸ್ವತಃ ಬಂದಿದ್ದರು.

ಕೈಯಿಂದ ಕೋಲು ಜಾರಿ ಪಾಚಿಯ ಮೇಲೆ ಬಿತ್ತು. ಪಕ್ಕದಲ್ಲಿ ಕೋವಿ ಇದೆಯೆಂಬುದು ಆಗ ಅವನಿಗೆ ನೆನಪಾಯಿತು. ಬೇಡ ಎನ್ನಲು ಬಾಯಿ ತೆರೆದ. ದನಿ ಹೊಕ್ಕಳಿನಿಂದಲೂ ಬರಲಿಲ್ಲ, ಗಂಟಲಿನಿಂದಲೂ ಬರಲಿಲ್ಲ. ಕತ್ತು ತಿರುಗಿಸಿ ಯೋರಾನನನ್ನು ನೋಡಿದ.

ಯೋರಾನ್ ಕೋವಿಯನ್ನು ಮುಟ್ಟಿರಲಿಲ್ಲ. ಎರಡೂ ಕೈ ಮಂಡಿಯ ಮೇಲಿದ್ದವು. ಟೋಪಿ ಯಾವಾಗಲೋ ತೆಗೆದಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಅವನು ಅಲುಗಲಿಲ್ಲ.

ಮೂಸ್ ಒಂದು ದೀರ್ಘ ಉಸಿರು ಬಿಟ್ಟಿತು. ಇವರಿಬ್ಬರೂ ಎದುರಾಳಿಗಳಲ್ಲ, ಯಾರೂ ಅಲ್ಲ ಎಂದು ತೀರ್ಮಾನಿಸಿದಂತೆ ತಿರುಗಿತು. ಮರಗಳ ನಡುವೆ ಮತ್ತೆ ಜಾಗವಾಯಿತು.

ವೈರ್‌ಲೆಸ್ಸು ಕೆಮ್ಮಿತು. "ಯೋರಾನ್, ಏನಾದರೂ ಬಂತಾ?"

ಯೋರಾನ್ ಗುಂಡಿ ಒತ್ತಿದ. "ಏನೂ ಇಲ್ಲ. ಗಾಳಿ ಸರಿ ಇಲ್ಲ."

ಮುಚ್ಚಳ ತೆರೆದಿದ್ದ ಫ್ಲಾಸ್ಕಿನಿಂದ ಕಾಫಿಯ ಹಬೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಆಮೇಲೆ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿಂದರು.

ಹಿಂದಿರುಗುವಾಗ ಕಾರಿನಲ್ಲಿ ಹೊನ್ನಪ್ಪ, "ನಮ್ಮ ಅಜ್ಜ ಪೋಸ್ಟ್ ಆಫೀಸಲ್ಲಿದ್ದರು," ಅಂದ.

ಯೋರಾನ್ ರಸ್ತೆ ನೋಡುತ್ತಾ, "ಒಳ್ಳೆಯ ಕೆಲಸ," ಅಂದ.

ಪ್ರಫುಲ್ಲಾ ಬಾಗಿಲು ತೆಗೆದು ಅವನ ಮುಖ ನೋಡಿದಳು. "ಬಂತಾ?"

"ಇಲ್ಲ ಕಣೇ. ಗಾಳಿ ಸರಿ ಇರ್ಲಿಲ್ಲ."

ಸ್ವೀಡನ್ನಿನ ಕನ್ನಡಿಗರಿಗೆ ದಸರೆ ತಿಥಿ ನೋಡಿಕೊಂಡು ಬರುವುದಿಲ್ಲ, ಶಾಲೆಯ ಜಿಮ್ ಹಾಲ್ ಖಾಲಿಯಿರುವ ಶನಿವಾರ ಬರುತ್ತದೆ. ಆ ಶನಿವಾರ ಇನ್ನೂರು ಜನ ಸೇರಿದ್ದರು. ಮಕ್ಕಳು ಬಾಸ್ಕೆಟ್‌ಬಾಲ್ ಕಂಬ ಹತ್ತುತ್ತಿದ್ದರು. ಗಂಡಸರು ಮನೆ ಸಾಲದ ಬಡ್ಡಿಯ ಬಗ್ಗೆ, ಹೆಂಗಸರು ಬಿಸಿಬೇಳೆ ಬಾತಿಗೆ ಉಪ್ಪು ಹೆಚ್ಚಾದದ್ದರ ಬಗ್ಗೆ ಮಾತಾಡುತ್ತಿದ್ದರು. ನಾಟಕದಲ್ಲಿ ಇಂದ್ರನ ಸಭೆಯ ದೃಶ್ಯ ಮುಗಿದದ್ದು ಇಂದ್ರನಿಗೂ ಕೇಳಿಸಲಿಲ್ಲ. ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಯೋರಾನ್ ಒಬ್ಬನೇ ಕೈಕಟ್ಟಿ ಕುಳಿತಿದ್ದ.

"ಅಂಕಲ್, ಟೆನ್ಶನ್ ಮಾಡ್ಕೋಬೇಡಿ," ಎಂದು ಅಭಿಜಿತ್ ಬೆನ್ನು ತಟ್ಟಿ, ಎಡಗಡೆ ಹೋಗಿ ನಿಂತ. ಅವನ ಕೊಂಬಿಗೆ ಬೆಳ್ಳಿ ಬಣ್ಣ ಬಳಿದಿತ್ತು.

ಮಾಲತಿ ಮೇಡಂ ಮೈಕಿನಲ್ಲಿ, "ಅದೋ, ಮಹಿಷಾಸುರನು ಘೋರವಾಗಿ ಗರ್ಜಿಸುತ್ತಾ ಬರುತ್ತಿದ್ದಾನೆ," ಅಂದರು.

ಹೊನ್ನಪ್ಪ ಗರ್ಜಿಸಲಿಲ್ಲ.

ಮೇಡಂ ಇನ್ನೊಮ್ಮೆ, "ಘೋರವಾಗಿ," ಅಂದರು. ಆಮೇಲೆ ಎಡಗಡೆಗೆ ಕೈಸನ್ನೆ ಮಾಡಿದರು.

ಅಷ್ಟರಲ್ಲಿ ಬಲಗಡೆಯ ಪರದೆಯ ಪಕ್ಕದಲ್ಲಿ ಅವನು ನಿಂತಿದ್ದ. ಯಾವಾಗ ಬಂದನೆಂದು ಯಾರಿಗೂ ಗೊತ್ತಾಗಲಿಲ್ಲ. ತಲೆಯನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತೂಗುತ್ತಾ, ಒಂದು ಹೆಜ್ಜೆ ಇಟ್ಟ. ನಿಂತ. ಇನ್ನೊಂದು ಹೆಜ್ಜೆ ಇಟ್ಟ. ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟು, ಸಭೆಯಲ್ಲಿ ಯಾರನ್ನೋ ಹುಡುಕುವಂತೆ ನೋಡಿದ.

ಬಡ್ಡಿಯ ಮಾತು ನಿಂತಿತು. ಉಪ್ಪಿನ ಮಾತು ನಿಂತಿತು. ಕಂಬದ ಮೇಲಿದ್ದ ಮಗು ಅಲ್ಲೇ ತಬ್ಬಿಕೊಂಡು ಉಳಿಯಿತು. ಮೇಡಂ ಕೈಸನ್ನೆ ಮಾಡುತ್ತಲೇ ಇದ್ದರು. ಅಭಿಜಿತ್ ಅದನ್ನು ನೋಡಲಿಲ್ಲ, ಅವನು ಹೊನ್ನಪ್ಪನನ್ನು ನೋಡುತ್ತಿದ್ದ. ಕಿತ್ತಳೆ ಕೇಸರದ ಸಿಂಹ ಮೆಲ್ಲಗೆ ಹಿಂದೆ ಸರಿದು ಅಮ್ಮನ ಸೆರಗು ಹಿಡಿಯಿತು. ಹಾಲಿನಲ್ಲಿ ಟ್ಯೂಬ್‌ಲೈಟಿನ ಗುಂಯ್ ಎಂಬ ಸದ್ದೊಂದೇ ಉಳಿಯಿತು. ಅಲ್ಲೊಂದು ಅಂಥ ಸದ್ದಿದೆಯೆಂದು ಎಷ್ಟೋ ವರ್ಷಗಳಿಂದ ಆ ಹಾಲಿಗೆ ಬರುತ್ತಿದ್ದವರಿಗೂ ಗೊತ್ತಿರಲಿಲ್ಲ.

ಈಗ ದೇವಿ ತ್ರಿಶೂಲ ಎತ್ತಬೇಕು. ತಾಲೀಮಿನಲ್ಲಿ ಪ್ರಫುಲ್ಲಾ ಹೇಳುವ ಮೊದಲೇ ಚುಚ್ಚುತ್ತಿದ್ದಳು. ಈಗ ತ್ರಿಶೂಲ ಅರ್ಧಕ್ಕೆ ಎದ್ದು ನಿಂತಿತ್ತು.

"ಪ್ರಫುಲ್ಲಾ," ಎಂದು ಮಹಿಷಾಸುರ ಪಿಸುಗುಟ್ಟಿದ. "ಚುಚ್ಚೇ."

ದೇವಿ ಕದಲಲಿಲ್ಲ.

"ಚುಚ್ಚೇ ಮಾರಾಯ್ತಿ, ಎಲ್ಲಾ ನೋಡ್ತಿದಾರೆ."

ತ್ರಿಶೂಲ ಒಂದು ಗೇಣು ಮೇಲೆದ್ದಿತು. ಮೂರನೆಯ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಯೋರಾನ್ ಎದ್ದು ನಿಂತಿದ್ದ. ಗಣಿತದ ಮೇಷ್ಟ್ರ ದನಿಯಲ್ಲಿ, ಸ್ವೀಡಿಷಿನಲ್ಲಿ, ಹಾಲೆಲ್ಲ ಕೇಳುವಂತೆ ಕೂಗಿದ:

"ಹೊಡೆಯಬೇಡ!"

ಯಾರೂ ನಗಲಿಲ್ಲ. ದೇವಿ ಮೂರನೆಯ ಸಾಲನ್ನು ನೋಡಿದಳು. ಆ ಮುದುಕನ ಒದ್ದೆ ಕೆನ್ನೆ ನೋಡಿದಳು. ಗಂಡನನ್ನು ನೋಡಿದಳು. ತ್ರಿಶೂಲ ಕೆಳಗಿಳಿಯಿತು.

ಮಾಲತಿ ಮೇಡಂ ಅವರ ಕೈಯಲ್ಲಿದ್ದ ಹಾಳೆಯಲ್ಲಿ ಇದಕ್ಕೆ ಮಾತಿರಲಿಲ್ಲ. "ಆಗ ದೇವಿಯು," ಎಂದು ಮೈಕಿನಲ್ಲಿ ಶುರುಮಾಡಿ, ತುಂಬ ಹೊತ್ತು ಹುಡುಕಿ, "ಯೋಚಿಸಿದಳು," ಎಂದು ಮುಗಿಸಿದರು.

ಮಹಿಷಾಸುರ ಒಂದು ಉಸಿರು ಬಿಟ್ಟು ತಿರುಗಿದ. ಅಭಿಜಿತ್ ಪರದೆ ಸರಿಸಿ ದಾರಿ ಮಾಡಿಕೊಟ್ಟ. ಸಭೆಯಿಂದ ಚಪ್ಪಾಳೆ ಬರಲು ತುಂಬ ಹೊತ್ತು ಹಿಡಿಯಿತು.

ಬಣ್ಣದ ಕೋಣೆಯಾಗಿ ಮಾಡಿಕೊಂಡಿದ್ದ ಉಗ್ರಾಣದಲ್ಲಿ, ಚೆಂಡುಗಳ ಬುಟ್ಟಿಯ ಪಕ್ಕ ಹೊನ್ನಪ್ಪ ಕುಳಿತಿದ್ದ. ಪ್ರಫುಲ್ಲಾ ಬಂದು ಎದುರಿಗೆ ನಿಂತಳು.

"ರೀ. ಅದು ಬಂದಿತ್ತಲ್ವಾ?"

ಬಾಗಿಲಾಚೆ ಯೋರಾನ್ ಕಾಗದದ ತಟ್ಟೆ ಹಿಡಿದು ಬಿಸಿಬೇಳೆ ಬಾತಿನ ಸಾಲಿನಲ್ಲಿ ನಿಂತಿದ್ದ. ಅವನು ಇತ್ತ ನೋಡಿದ. ಹೊನ್ನಪ್ಪ ಅತ್ತ ನೋಡಿದ.

"ಗಾಳಿ ಸರಿ ಇರ್ಲಿಲ್ಲ ಕಣೇ," ಅಂದ.

ಪ್ರಫುಲ್ಲಾ ಬಾಗಿ ಅವನ ತಲೆಯಿಂದ ಕೊಂಬುಗಳನ್ನು ಇಳಿಸಿದಳು. ಥರ್ಮಾಕೋಲಿನವು, ತೂಕವೇ ಇರಲಿಲ್ಲ. ಆದರೂ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.